ಕುಗ್ಗದ ಪ್ಯಾಂಟು, ಬೆಳೆದ ಕಾಲು

"ಇವತ್ತು ಕೊಳ್ಳುವ ಪ್ಯಾಂಟೇ ನನ್ನ ಕೊನೆಯ ಪ್ಯಾಂಟು" ಎಂದು ಒಂದು ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಘೋಷಿಸಿದೆ. ನನ್ನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಹರಿದ ಪ್ಯಾಂಟಿಗೆ ಸೇಫ್ಟಿ ಪಿನ್ನು ಚುಚ್ಚುತ್ತಿದ್ದ ಹೆಂಡತಿ, "ಬಿಡ್ತು ಅನ್ನಿ. ಬೆಳ್‌ಬೆಳಿಗ್ಗೆ ಎಂಥಾ ಮಾತು" ಎಂದಳು.

ನಾನು ಆಡಿದ್ದು ಆಯುಷ್ಯದ ಮಾತಲ್ಲ, ಬಾಳಿಕೆಯ ಮಾತು. ಆ ಮುಂಜಾನೆ ನಮ್ಮ ನಡಿಗೆ ಗುಂಪಿನ ಜೊತೆ ಗುಡ್ಡ ಹತ್ತಲು ಹೋಗಿ, ಮುಳ್ಳುತಂತಿ ದಾಟುವಾಗ ನನ್ನ ಆಫೀಸಿನ ಪ್ಯಾಂಟು ಪರ್ರೆಂದು ರಾಜೀನಾಮೆ ಕೊಟ್ಟಿತ್ತು. ಗುಂಪಿನಲ್ಲಿದ್ದ ಹನ್ನೆರಡೂ ಜನ ಆಕಾಶದಲ್ಲಿ ಅಪರೂಪದ ಹಕ್ಕಿಯೊಂದನ್ನು ಕಂಡವರಂತೆ ಮುಖ ಮೇಲೆತ್ತಿದರು. ಉಳಿದ ದಾರಿಯನ್ನು ನಾನು ಎಲ್ಲರಿಗಿಂತ ಹಿಂದೆ, ಯಾರೋ ಪುಣ್ಯಾತ್ಮರ ಟವೆಲು ಸುತ್ತಿಕೊಂಡು ನಡೆದೆ. ಮನೆಯಲ್ಲಿದ್ದ ಇನ್ನೊಂದು ಪ್ಯಾಂಟು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಹಾಗಾಗಿ ಅಂಗಡಿ ತಲುಪುವವರೆಗೆ ನನ್ನ ಮರ್ಯಾದೆಯೆಲ್ಲ ಆ ಪಿನ್ನುಗಳ ಕೈಯಲ್ಲಿತ್ತು.

ನನ್ನ ಉದ್ಯೋಗದ ವಿಷಯ ಈಗಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಲು ನಾಚಿಕೆಯಾಗುತ್ತದೆ. ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ಬಟ್ಟು, ಲೀಟರು, ಮೀಟರು ಎಲ್ಲವನ್ನೂ ಪರೀಕ್ಷಿಸಿ, ಸರಿ ಇದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ಮೊಕದ್ದಮೆ ಹಾಕುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದೇನೆ. ನಾನು ಬೀದಿಗಿಳಿದರೆ ಅಂಗಡಿಯವರು ತಕ್ಕಡಿ ಒರೆಸಲು ಶುರುಮಾಡುತ್ತಾರೆ. ಇಂಥವನಿಗೆ ಪ್ಯಾಂಟು ಕೊಳ್ಳುವುದು ಯಾವ ಮಹಾ ವಿದ್ಯೆ!

ನಮ್ಮ ಬೀದಿಯ ತುದಿಯಲ್ಲೊಂದು ಬಟ್ಟೆ ಅಂಗಡಿಯಿದೆ. ಅದರ ಯಜಮಾನರಿಗೆ ಎಪ್ಪತ್ತು ದಾಟಿದೆ. ಕಿವಿಯಲ್ಲೊಂದು ಪೆನ್ಸಿಲು, ಕೈಯಲ್ಲೊಂದು ಕಬ್ಬಿಣದ ಮೀಟರ್ ಕಡ್ಡಿ ಇಲ್ಲದೆ ಅವರನ್ನು ಯಾರೂ ಕಂಡಿಲ್ಲ. ಗುಡ್ಡಕ್ಕೆ ಹೋಗಲು ಗಟ್ಟಿ ಪ್ಯಾಂಟು ಬೇಕು ಎಂದೆ. ಮಣ್ಣಿನ ಬಣ್ಣದ, ಎಂಟು ಜೇಬಿನ, ದಪ್ಪ ಹತ್ತಿ ಪ್ಯಾಂಟೊಂದನ್ನು ಮೇಜಿನ ಮೇಲೆ ಹಾಸಿದರು. ನಾನು ಎರಡೂ ಕೈಯಿಂದ ಜಗ್ಗಿದೆ. ಬೀಗದಕೈಯಿಂದ ಉಜ್ಜಿದೆ. ಯಜಮಾನರು ಕಿಟಕಿಯ ಕಡೆ ನೋಡುತ್ತಿರುವಾಗ ಹಲ್ಲಿನಿಂದಲೂ ಒಮ್ಮೆ ಕಚ್ಚಿ ನೋಡಿದೆ. ಒಂದು ಎಳೆಯೂ ಕದಲಲಿಲ್ಲ. ಹಾಕಿಕೊಂಡು ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಸೊಂಟದಿಂದ ತುದಿಯವರೆಗೆ ಸರಿಯಾಗಿ ನಲವತ್ತಿಂಚು.

ಯಜಮಾನರು ಮಾತ್ರ ತಲೆಯಾಡಿಸಿದರು. "ಹರಿಯೋ ಮಾತೇ ಇಲ್ಲ ಸಾರ್. ಆದ್ರೆ ಮೊದಲನೇ ನೀರಿಗೆ ಎರಡಿಂಚು ಕುಗ್ಗುತ್ತೆ. ಒಂದು ಸೈಜು ದೊಡ್ಡದೇ ತಗೊಳ್ಳಿ."

"ಎರಡಿಂಚು ಅನ್ನೋದು ನಿಮ್ಮ ಅಂದಾಜು ಯಜಮಾನ್ರೇ. ಅಂದಾಜಿಗೆ ನಮ್ಮ ಇಲಾಖೆಯಲ್ಲಿ ಜಾಗ ಇಲ್ಲ. ನಾನು ಒಗೆದು, ಅಳೆದು, ನಿಮಗೇ ಬಂದು ಹೇಳ್ತೀನಿ" ಎಂದೆ. ಅವರು ನಕ್ಕು ಪೊಟ್ಟಣ ಕಟ್ಟಿದರು.

ಸೋಮವಾರ ರಜೆ ಹಾಕಿದೆ. ಪ್ಯಾಂಟು ಒಗೆಯಲು ರಜೆ ಹಾಕಿದ ಸರ್ಕಾರಿ ನೌಕರ ಬಹುಶಃ ನಾನೊಬ್ಬನೇ ಇರಬೇಕು. ಆದರೆ ಕುತೂಹಲ ಎಂಬುದು ತುರಿಕೆಯ ಜಾತಿಯದು, ತೀರಿಸಿಕೊಳ್ಳದೆ ಬಿಡುವುದಿಲ್ಲ. ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿನಿಂದ ಹಳೆಯ ಟೇಪು ತೆಗೆದೆ. ಅರವತ್ತಿಂಚಿನ, ನೇಯ್ದ ಹತ್ತಿಪಟ್ಟಿಯ, ಎರಡೂ ತುದಿಗೆ ಹಿತ್ತಾಳೆ ಬಿಗಿದ ಟೇಪು. ಮೊದಲು ಪ್ಯಾಂಟು ಅಳೆದೆ. ನಲವತ್ತು. ಹೋಲಿಕೆಗಿರಲಿ ಎಂದು ನನ್ನ ಕಾಲನ್ನೂ ಅಳೆದೆ. ಸೊಂಟದಿಂದ ಪಾದದವರೆಗೆ ಅದೂ ನಲವತ್ತು. ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ.

ಇಲ್ಲಿ ನನ್ನ ವೃತ್ತಿಜ್ಞಾನ ತಲೆ ಎತ್ತಿತು. ಅಳೆಯುವ ಸಾಧನವೂ ಅಳೆಸಿಕೊಳ್ಳುವ ವಸ್ತುವೂ ಒಂದೇ ಉಷ್ಣತೆಯಲ್ಲಿರಬೇಕು ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಬಿಸಿನೀರಲ್ಲಿ ಮಿಂದ ಪ್ಯಾಂಟನ್ನು ತಣ್ಣಗಿನ ಟೇಪಿನಲ್ಲಿ ಅಳೆದರೆ ಶಾಸ್ತ್ರಕ್ಕೆ ಅಪಚಾರ. ಆದ್ದರಿಂದ ಟೇಪನ್ನು ಪ್ಯಾಂಟಿನ ಎಂಟನೆಯ ಜೇಬಿನಲ್ಲಿಟ್ಟು, ಜಿಪ್ಪು ಎಳೆದು, ಎರಡನ್ನೂ ಒಟ್ಟಿಗೆ ಕುದಿಯುವ ನೀರಿಗೆ ಹಾಕಿದೆ. ನೆನೆಸಿದೆ, ಕುಕ್ಕಿದೆ, ಹಿಂಡಿದೆ, ಸುಡುಬಿಸಿಲಲ್ಲಿ ಒಣಹಾಕಿದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಸಂಜೆ ಜೇಬಿನಿಂದ ಟೇಪು ತೆಗೆದು ಪ್ಯಾಂಟು ಅಳೆದೆ. ನಲವತ್ತು! ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕುಗ್ಗಲಿಲ್ಲ ಎಂದರೆ ಕುಗ್ಗಲಿಲ್ಲ. ವಿಜಯೋತ್ಸಾಹದಲ್ಲಿ ಅದನ್ನೇ ಹಾಕಿಕೊಂಡು, ಕೆಲಸದಿಂದ ಬಂದ ಹೆಂಡತಿಯ ಮುಂದೆ ಎರಡು ಸುತ್ತು ತಿರುಗಿದೆ. ಅವಳು ನೋಡಿದ್ದು ನನ್ನ ಪಾದದ ಕಡೆ.

"ಕಾಲುಚೀಲ ಪೂರ್ತಿ ಕಾಣ್ತಿದೆಯಲ್ರೀ."

ಪ್ಯಾಂಟು ನಲವತ್ತಿಂಚೇ ಇದೆ, ಈಗ ತಾನೇ ಅಳೆದಿದ್ದೇನೆ, ಬೇಕಾದರೆ ಕ್ಯಾಲೆಂಡರು ನೋಡು ಎಂದು ನಾನು ವಾದಿಸಿದೆ. ಅವಳು ಚೀಲ ಕೆಳಗಿಟ್ಟು, "ಹಾಗಾದ್ರೆ ನಿಮ್ಮ ಕಾಲೇ ಬೆಳೆದಿರಬೇಕು" ಎಂದು ಹೇಳಿ ಮುಖ ತೊಳೆಯಲು ಹೋದಳು.

ಅವಳು ಹೇಳಿದ್ದು ವ್ಯಂಗ್ಯಕ್ಕೆ. ಆದರೆ ನಾನು ಪ್ರಮಾಣ ಕೇಳುವ ಮನುಷ್ಯ. ಕೋಣೆಯ ಬಾಗಿಲು ಹಾಕಿಕೊಂಡು ಕಾಲಿಗೆ ಟೇಪು ಹಿಡಿದೆ. ನಲವತ್ತೆರಡು. ಇನ್ನೊಮ್ಮೆ ಹಿಡಿದೆ. ನಲವತ್ತೆರಡು. ಎಡಗಾಲು ಬಿಟ್ಟು ಬಲಗಾಲು ಹಿಡಿದೆ. ಅದೂ ನಲವತ್ತೆರಡು. ಮಂಚದ ಮೇಲೆ ಮೆಲ್ಲಗೆ ಕೂತುಕೊಂಡೆ.

ಮನುಷ್ಯ ಐವತ್ತೆರಡನೆಯ ವಯಸ್ಸಿನಲ್ಲಿ ಬೆಳೆಯುತ್ತಾನೆಯೇ? ನನ್ನ ಎತ್ತರ ಐದಡಿ ಆರಿಂಚು ಎಂದು ಸೇವಾ ಪುಸ್ತಕದಲ್ಲೇ ದಾಖಲಾಗಿದೆ. ಗೋಡೆಗೆ ಒರಗಿ, ತಲೆಯ ಮೇಲೆ ಪುಸ್ತಕ ಇಟ್ಟು, ಪೆನ್ಸಿಲಿನಲ್ಲಿ ಗೀಟು ಹಾಕಿ ಅಳೆದೆ. ಐದಡಿ ಒಂಬತ್ತು. ಸೊಂಟವೂ ಮೂವತ್ತಾರಿಂದ ಮೂವತ್ತೆಂಟಾಗಿತ್ತು. ಪ್ಯಾಂಟಿನ ಗುಂಡಿ ಹಾಕಲು ಉಸಿರು ಹಿಡಿಯಬೇಕಾದದ್ದು ಏಕೆಂದು ಆಗ ಅರ್ಥವಾಯಿತು. ಬೆಳೆಯುವ ಮೈ, ಎಲ್ಲ ಕಡೆಯೂ ಸಮನಾಗಿ ಬೆಳೆಯುತ್ತಿದೆ!

ನಿಜ ಹೇಳುತ್ತೇನೆ, ಭಯಕ್ಕಿಂತ ಖುಷಿಯೇ ಹೆಚ್ಚಾಯಿತು. ಶಾಲೆಯ ದಿನದಿಂದಲೂ ನಾನು ಸಾಲಿನಲ್ಲಿ ಮುಂದೆ ನಿಂತವನು, ಜಾತ್ರೆಯಲ್ಲಿ ಎತ್ತರದವರ ಭುಜದ ಸಂದಿಯಿಂದ ಲೋಕ ನೋಡಿದವನು. ತಡವಾಗಿಯಾದರೂ ನ್ಯಾಯ ಸಿಕ್ಕಿತಲ್ಲ. ಬಾಗಿಲುಗಳಲ್ಲಿ ತಲೆ ಬಗ್ಗಿಸಿ ಹೋಗತೊಡಗಿದೆ. ನಮ್ಮ ಬಾಗಿಲಿಗೂ ನನ್ನ ತಲೆಗೂ ನಡುವೆ ಇನ್ನೊಂದು ಕೊಡ ಹಿಡಿಸುವಷ್ಟು ಜಾಗವಿದೆ ಎಂಬುದು ಬೇರೆ ಮಾತು. ಕತ್ತು ಉಳುಕಿರಬೇಕೆಂದು ಹೆಂಡತಿ ಎರಡು ದಿನ ನೋವಿನ ಮುಲಾಮು ತಿಕ್ಕಿದಳು. ನಾನು ಸುಮ್ಮನೆ ತಿಕ್ಕಿಸಿಕೊಂಡೆ. ಪೂರ್ತಿ ಬೆಳೆದ ಮೇಲೆ ಹೇಳೋಣ ಎಂದುಕೊಂಡಿದ್ದೆ.

ಶನಿವಾರ, ಕೊಟ್ಟ ಮಾತಿನಂತೆ, ಪ್ಯಾಂಟನ್ನೂ ಟೇಪನ್ನೂ ಚೀಲದಲ್ಲಿ ಹಾಕಿಕೊಂಡು ಬಟ್ಟೆ ಅಂಗಡಿಗೆ ಹೋದೆ. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಎಲ್ಲರಿಗೂ ಕೇಳುವಂತೆ, ಕುದಿನೀರಲ್ಲಿ ಒಗೆದರೂ ಪ್ಯಾಂಟು ನಲವತ್ತಿಂಚೇ ಇದೆ ಎಂದು ಸಾರಿ, ಅಳೆದೂ ತೋರಿಸಿದೆ. ಯಜಮಾನರಿಗೆ ಆಶ್ಚರ್ಯ. ಅವರು ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ಪಕ್ಕಕ್ಕೆ ತಮ್ಮ ಮೀಟರ್ ಕಡ್ಡಿ ಇಟ್ಟರು.

"ನೋಡಿ ಸಾರ್. ಕೊಂಡ ದಿನ ಪ್ಯಾಂಟು ಈ ಕಡ್ಡಿಗಿಂತ ಅರ್ಧ ಇಂಚಿಗೂ ಮೇಲೆ ಉದ್ದ ಇತ್ತು. ಈಗ ಕಡ್ಡಿಯೇ ಉದ್ದ ಇದೆ."

ಈಗ ಮೂರರಲ್ಲಿ ಒಂದು ತಪ್ಪಿರಬೇಕು: ಪ್ಯಾಂಟು, ಟೇಪು, ಇಲ್ಲವೇ ಕಡ್ಡಿ. ಪ್ಯಾಂಟು ನಾನೇ ಆರಿಸಿದ್ದು. ಟೇಪು ನನ್ನ ಮನೆಯದು. ಕಡ್ಡಿ ಅಂಗಡಿಯವರದು. ಇಪ್ಪತ್ತಾರು ವರ್ಷದ ಅನುಭವ ಯಾರ ಕಡೆ ಬೆರಳು ತೋರಿಸುತ್ತದೆ ಎಂದು ಬೇರೆ ಹೇಳಬೇಕೆ? ಟೇಪು ಹಿಡಿದು ಕಡ್ಡಿಯನ್ನು ಅಳೆದೆ. ಮೀಟರ್ ಎಂದರೆ ಮೂವತ್ತೊಂಬತ್ತು ಇಂಚಿನ ಮೇಲೆ ಸ್ವಲ್ಪ. ಇದು ಹತ್ತಿರ ಹತ್ತಿರ ನಲವತ್ತೊಂದೂವರೆ.

ಅಳತೆ ಕಡಿಮೆ ಕೊಡುವ ವ್ಯಾಪಾರಿಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಮೀಟರಿಗೆ ಎರಡಿಂಚು ಹೆಚ್ಚು ಕೊಡುವವರನ್ನು ಕಂಡದ್ದು ಅದೇ ಮೊದಲು. ಹಾಗೆಂದು ಹೇಳಿದೆ ಕೂಡ. ಯಜಮಾನರ ಮುಖ ಬಿಳಿಚಿಕೊಂಡಿತು. ಕಡ್ಡಿ ತಿರುಗಿಸಿ ತುದಿಯಲ್ಲಿದ್ದ ಮುದ್ರೆ ತೋರಿಸಿದರು. ನಮ್ಮ ಇಲಾಖೆಯದೇ, ನಾನೇ ಒತ್ತಿದ್ದು. "ಅವತ್ತು ಸರಿ ಇತ್ತಲ್ಲ ಸಾರ್" ಎಂದು ಮೆಲ್ಲಗೆ ಕೇಳಿದರು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ ಎಂದು ನಾನು ವಿವರಿಸಿದೆ. ಹಿಗ್ಗುವುದು ನಿಜ. ಎರಡಿಂಚು ಹಿಗ್ಗಬೇಕಾದರೆ ಅಂಗಡಿಯೇ ಕುಲುಮೆಯಾಗಬೇಕಿತ್ತು, ಅದು ಹೊಳೆಯಲಿಲ್ಲ.

ನಿಯಮದ ಪ್ರಕಾರ ಆ ಕಡ್ಡಿಯನ್ನು ಆಫೀಸಿಗೆ ತರಿಸಿ, ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿರುವ ನಮ್ಮ ಮೂಲ ಮೀಟರಿನ ಜೊತೆ ಹೋಲಿಸಬೇಕಾಗಿತ್ತು. ನನ್ನ ತಲೆಯೆಲ್ಲ ನನ್ನ ಕಾಲಿನ ಮೇಲಿತ್ತು. "ಎರಡಿಂಚು ಜಾಸ್ತಿ ಇದೆ, ಬೇಗ ಸರಿ ಮಾಡಿಸ್ಕೊಳ್ಳಿ" ಎಂದು ಹೇಳಿ, ಅಂಗಡಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಬಂದೆ.

ಗುಟ್ಟು ರಟ್ಟಾದದ್ದು ಮಂಗಳವಾರ, ಬಡಗಿಯಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಕಾಲೇ ಬೆಳೆಯುತ್ತಿದ್ದರೆ ಹಾಸಿಗೆಯೂ ಬೆಳೆಯಬೇಕಲ್ಲ ಎಂದು ಮಂಚ ಉದ್ದ ಮಾಡಿಸಲು ಬಡಗಿಗೆ ಹೇಳಿದ್ದೆ. ಅವನು ನಾನಿಲ್ಲದಾಗ ಬಂದು, ಮಂಚಕ್ಕೆ ಎಷ್ಟು ಸೇರಿಸಬೇಕು, ನಿಮ್ಮ ಯಜಮಾನರು ಇನ್ನೂ ಎಷ್ಟು ಬೆಳೆಯುತ್ತಾರಂತೆ ಎಂದು ನನ್ನ ಹೆಂಡತಿಯನ್ನೇ ಕೇಳಿದ. ಸಂಜೆ ನಾನು ಬಾಗಿಲಲ್ಲಿ ಬಗ್ಗಿ ಒಳಗೆ ಬಂದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಲ್ಲ ಹೇಳಿದೆ. ಕ್ಯಾಲೆಂಡರು, ಗೋಡೆಯ ಗೀಟು, ಎಲ್ಲ ತೋರಿಸಿದೆ. ಅವಳು ನಗಲಿಲ್ಲ. ಹಣೆ ಮುಟ್ಟಿ ನೋಡಿದಳು. ನಾಲಿಗೆ ಚಾಚಿಸಿದಳು. "ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ. ಆ ಟೇಪೂ ತಗೊಂಡು ಬನ್ನಿ" ಎಂದಳಷ್ಟೆ.

ಮಕ್ಕಳ ಆಸ್ಪತ್ರೆಯ ಗೋಡೆಯ ಮೇಲೆ ಜಿರಾಫೆಯೊಂದರ ಚಿತ್ರವಿದೆ. ಅದರ ಉದ್ದ ಕತ್ತೇ ಎತ್ತರ ಅಳೆಯುವ ಪಟ್ಟಿ. ನನ್ನ ಮುಂದೆ ಆರು ವರ್ಷದವಳೊಬ್ಬಳು, ಹಿಂದೆ ಅಳುವ ನಾಲ್ಕು ವರ್ಷದವನೊಬ್ಬ. ನನ್ನ ಸರದಿ ಬಂದಾಗ ಶೂ ಬಿಚ್ಚಿ, ಜಿರಾಫೆಗೆ ಬೆನ್ನು ಕೊಟ್ಟು, ಎದೆ ಸೆಟೆಸಿ ನಿಂತೆ. ಡಾಕ್ಟರಮ್ಮ ಹಲಗೆಯನ್ನು ನನ್ನ ತಲೆಗೆ ತಾಗುವಂತೆ ಇಳಿಸಿ, ಕನ್ನಡಕ ಏರಿಸಿಕೊಂಡು ಓದಿದರು.

"ಐದಡಿ ಐದೂವರೆ."

"ಐದಡಿ ಒಂಬತ್ತು ಇರಬೇಕು, ಸರಿಯಾಗಿ ನೋಡಿ ಡಾಕ್ಟ್ರೇ. ಸೇವಾ ಪುಸ್ತಕದಲ್ಲೇ ಐದಡಿ ಆರು ಅಂತಿದೆ."

"ಈಗ ಅರ್ಧ ಇಂಚು ಕಮ್ಮಿ ಆಗಿದೆ. ವಯಸ್ಸಾದ ಹಾಗೆ ಎಲ್ಲರೂ ಸ್ವಲ್ಪ ಕುಗ್ತಾರೆ, ಗಾಬರಿ ಏನಿಲ್ಲ" ಎಂದು ಅವರು ನನ್ನ ಹಿಂದಿದ್ದ ನಾಲ್ಕು ವರ್ಷದವನನ್ನು ಕರೆದರು.

ಹೆಂಡತಿ ಅಷ್ಟರಲ್ಲಿ ನನ್ನ ಟೇಪನ್ನು ಜಿರಾಫೆಯ ಪಕ್ಕದಲ್ಲಿ ಹಿಡಿದಿದ್ದಳು. ಅರವತ್ತಿಂಚಿನ ಟೇಪು ಜಿರಾಫೆಯ ಮೇಲೆ ಐವತ್ತೇಳಕ್ಕೇ ಮುಗಿದುಹೋಗಿತ್ತು. ಇದಕ್ಕೆ ಏನು ಮಾಡಿದಿರಿ ಎಂದು ಕೇಳಿದಳು. ಉಷ್ಣತೆಯ ಶಾಸ್ತ್ರ, ಎಂಟನೆಯ ಜೇಬು, ಕುದಿನೀರು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಯಿತು. ಪ್ಯಾಂಟು ಎಷ್ಟು ಕುಗ್ಗಿತೋ ಟೇಪೂ ಅಷ್ಟೇ ಕುಗ್ಗಿತ್ತು. ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಸಾಕ್ಷಿ ಹೇಳಿದ್ದರು, ನಾನು ನ್ಯಾಯಾಧೀಶನಾಗಿ ತಲೆದೂಗಿದ್ದೆ. ಹೆಂಡತಿ ಮಕ್ಕಳ ಆಟದ ಸಾಮಾನಿನ ನಡುವೆ, ಪುಟ್ಟ ಕುರ್ಚಿಯೊಂದರ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಳುತ್ತಿದ್ದ ಹುಡುಗ ಅಳು ನಿಲ್ಲಿಸಿ ಅವಳನ್ನೇ ನೋಡಿದ.

ನನಗೆ ನಗು ಬರಲಿಲ್ಲ. ಕಡ್ಡಿ ನೆನಪಾಗಿತ್ತು.

ಒಂದೇ ಉಸಿರಿಗೆ ಅಂಗಡಿಗೆ ಓಡಿದೆ. ಯಜಮಾನರು ನನ್ನನ್ನು ಕಂಡು ಎದ್ದು ನಿಂತು, ನೀವು ಹೇಳಿದ ಹಾಗೇ ಮಾಡಿಸಿದ್ದೇನೆ ಎಂದು ಕಡ್ಡಿ ತೋರಿಸಿದರು. ಸೋಮವಾರ ಬೆಳಿಗ್ಗೆಯೇ ಪಕ್ಕದ ಗ್ರಿಲ್ ಕೆಲಸದವನ ಹತ್ತಿರ ಎರಡಿಂಚು ಕೊಯ್ಯಿಸಿದ್ದರು. ಮುದ್ರೆಯಿದ್ದ ತುದಿಯೇ ಹೋಗಿತ್ತು. ಈಗ ಅವರ ಕೈಯಲ್ಲಿದ್ದದ್ದು ಮುದ್ರೆಯಿಲ್ಲದ, ಎರಡಿಂಚು ಗಿಡ್ಡದ, ನಿಜಕ್ಕೂ ಮೊಕದ್ದಮೆಗೆ ಯೋಗ್ಯವಾದ ಕಡ್ಡಿ. ಅದರಲ್ಲಿ ಎರಡು ದಿನದಿಂದ ಬಟ್ಟೆ ಅಳೆದು ಕೊಟ್ಟಿದ್ದರು.

ನಾನು ನಿಂತಲ್ಲೇ ಎಲ್ಲ ಒಪ್ಪಿಕೊಂಡೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕಡ್ಡಿಯನ್ನು ಮೇಜಿನ ಮೇಲಿಟ್ಟು, ಅದರ ಕತ್ತರಿಸಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದರು.

"ಐವತ್ತು ವರ್ಷ ಆಯ್ತು ಸಾರ್ ಅಂಗಡಿ ಇಟ್ಟು. ಒಬ್ಬರಿಗೂ ಒಂದು ಬೆರಳು ಕಮ್ಮಿ ಕೊಟ್ಟಿಲ್ಲ. ಈಗ ಹನ್ನೊಂದು ಜನಕ್ಕೆ ಕೊಟ್ಟುಬಿಟ್ಟೆನಲ್ಲ" ಎಂದರು. "ನೀವು ಕೇಸು ಬರ್ಕೊಳ್ಳಿ. ಆದ್ರೆ ಮೊದಲು ಅವರ ಬಟ್ಟೆ ಅವರಿಗೆ ಮುಟ್ಟಬೇಕು."

ಹನ್ನೊಂದು ಜನ ಯಾರು, ಯಾರಿಗೆ ಯಾವ ಬಟ್ಟೆ, ಎಷ್ಟು ಮೀಟರು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

ಕೇಸು ಬರೆದೆ, ನನ್ನ ಮೇಲೆಯೇ. ಮೇಲಧಿಕಾರಿಗಳು ನನ್ನ ವರದಿಯನ್ನು ಎರಡು ಸಲ ಓದಿ, ಟೇಪನ್ನು ಜೇಬಿನಲ್ಲಿ ಏಕೆ ಇಟ್ಟಿರಿ ಎಂದು ಒಂದೇ ಪ್ರಶ್ನೆ ಕೇಳಿದರು. ಉಷ್ಣತೆ ಒಂದೇ ಇರಲಿ ಎಂದು, ಎಂದೆ. ಅವರು ಎದ್ದು ಫ್ಯಾನಿನ ವೇಗ ಹೆಚ್ಚಿಸಿದರು. ಆಮೇಲೆ ಲಿಖಿತ ಎಚ್ಚರಿಕೆ ಕೊಟ್ಟು, ಹೊಸ ಕಡ್ಡಿಗೆ ತಾವೇ ಮುದ್ರೆ ಒತ್ತಿದರು. ನನ್ನ ಕೈಗೆ ಮುದ್ರೆ ಕೊಡಲಿಲ್ಲ.

ಬಟ್ಟೆ ಮುಟ್ಟಿಸುವ ಕೆಲಸ ನನ್ನದಾಯಿತು. ಗಿರಾಕಿಗಳಿಗೆ ಕಡಿಮೆಯಾದಷ್ಟು ಬಟ್ಟೆಯನ್ನು ಯಜಮಾನರು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಚೀಟಿ ಅಂಟಿಸಿ ಕೊಟ್ಟರು. ಬೀದಿ ಬೀದಿ ಅಲೆಯಲು, ಮೆಟ್ಟಿಲು ಹತ್ತಿಳಿಯಲು ಗಟ್ಟಿಯಾದ ಪ್ಯಾಂಟು ನನ್ನ ಬಳಿ ಅದೊಂದೇ ಇದ್ದುದರಿಂದ ಅದನ್ನೇ ಹಾಕಿಕೊಂಡು ಹೊರಟೆ. ಅದರ ಗಟ್ಟಿತನದ ಬಗ್ಗೆ ಇಂದಿಗೂ ದೂರಿಲ್ಲ. ಏಳನೆಯ ಮನೆಯ ನಾಯಿ ತುದಿ ಹಿಡಿದು ಜಗ್ಗಾಡಿದಾಗಲೂ ಒಂದು ಎಳೆ ಬಿಡಲಿಲ್ಲ. ಸ್ವಲ್ಪ ಉದ್ದವಾದರೂ ಆಗಲಿ ಎಂದು ನಾನೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಕೆಲವರು ಪಟ್ಟಿ ತೆಗೆದುಕೊಂಡು ಬಾಗಿಲು ಹಾಕಿದರು. ಒಬ್ಬರು, ಅಂಗಿ ಆಗಲೇ ಹೊಲಿಸಿಯಾಯಿತು, ತೋಳು ಗಿಡ್ಡವಾದದ್ದು ಏಕೆಂದು ಈಗ ತಿಳಿಯಿತು ಎಂದು ದರ್ಜಿಯನ್ನು ಬೈದದ್ದಕ್ಕೆ ಪಶ್ಚಾತ್ತಾಪಪಟ್ಟರು. ಹನ್ನೊಂದನೆಯದು ಮೂರನೇ ಮಹಡಿಯ ಮನೆ. ವಯಸ್ಸಾದ ತಾಯಿಯೊಬ್ಬರು ಬಾಗಿಲು ತೆಗೆದರು. ಕಿಟಕಿ ಪರದೆಗೆಂದು ದೊಡ್ಡ ದೊಡ್ಡ ಹೂವಿನ ಬಟ್ಟೆ ಮೂರು ಮೀಟರು ಕೊಂಡಿದ್ದವರು ಅವರು. ಅಳತೆಯಲ್ಲಿ ಆರಿಂಚು ಕಡಿಮೆಯಾಗಿತ್ತು, ತಪ್ಪು ಅಂಗಡಿಯವರದಲ್ಲ, ನನ್ನದು ಎಂದು ಹೇಳಿ ಪಟ್ಟಿ ಮುಂದೆ ಹಿಡಿದೆ.

ಅವರು ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಕಣ್ಣು ನಿಧಾನಕ್ಕೆ ಕೆಳಗಿಳಿದು, ನನ್ನ ಕಾಲುಚೀಲದ ಮೇಲೆ ನಿಂತಿತು. ಮುಖದಲ್ಲಿ ಕನಿಕರ ಮೂಡಿತು. ಪಟ್ಟಿಯನ್ನು ಮಡಿಚಿ ನನ್ನ ಕೈಗೇ ವಾಪಸು ಇಟ್ಟರು.

"ಪರದೆ ಹೇಗೋ ಆಯ್ತಪ್ಪಾ. ಇದನ್ನ ನೀವೇ ಇಟ್ಕೊಂಡು ಪ್ಯಾಂಟಿನ ಕೆಳಗೆ ಜೋಡಿಸ್ಕೊಳ್ಳಿ. ಅದಕ್ಕೆ ಅಳತೆ ತಗೊಂಡಿದ್ದು ಯಾರು?"

"ನಾನೇ ಅಮ್ಮಾ" ಎಂದೆ.

ಅವರು ನನ್ನ ಮುಖವನ್ನೊಮ್ಮೆ, ಪ್ಯಾಂಟನ್ನೊಮ್ಮೆ ನೋಡಿ ಒಳಗೆ ಹೋದರು. ಅದೇ ಹೂವಿನ ಬಟ್ಟೆಯ ಇನ್ನೂ ದೊಡ್ಡದೊಂದು ತುಂಡು ತಂದು ನನ್ನ ಕೈಯ ಮೇಲಿಟ್ಟರು.

"ಹಾಗಾದ್ರೆ ಇದೂ ಇರಲಿ."